ಐಡಾಳ ತುರಿಕೆಯೂ ನನ್ನ ಡಕ್ಟ್ ದಿಗ್ವಿಜಯವೂ

ಮೊದಲೇ ಹೇಳಿಬಿಡುತ್ತೇನೆ, ನಾನು ಸಾಮಾನ್ಯ ಮನುಷ್ಯನಲ್ಲ! ಮಸ್ಕತ್ತಿನ ಒಂದು ಕಟ್ಟಡ ಕಂಪೆನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಡಾಕ್ಯುಮೆಂಟ್ ಕಂಟ್ರೋಲರ್. ಹನ್ನೊಂದು ಸಾವಿರ ನಕ್ಷೆಗಳು ನನ್ನ ಅಂಕೆಯಲ್ಲಿವೆ. ಯಾವ ಎಂಜಿನಿಯರ್ ಬಂದು ಯಾವ ಕಟ್ಟಡದ ಯಾವ ಬಚ್ಚಲಿನ ನಕ್ಷೆ ಕೇಳಿದರೂ ಒಂದೇ ನಿಮಿಷದಲ್ಲಿ ತೆಗೆದು ಮುಖಕ್ಕೆ ಹಿಡಿಯುತ್ತೇನೆ. ಅಂಥ ಸಿಪ್ರಿಯನ್ ಕ್ಯಾಸ್ತಲಿನೊ, ಅಂದರೆ ನಾನು, ಸ್ವಂತ ಮಲಗುವ ಕೋಣೆಯ ಮೇಲೆ ಹಾದುಹೋಗುವ ಒಂದು ಎ.ಸಿ. ಡಕ್ಟನ್ನು ಅಂಕೆಗೆ ತಂದುಕೊಳ್ಳಲಾರೆನೇ?

ತಂದುಕೊಂಡೆ. ಹೇಗೆ ಎಂದು ಹೇಳಲಿಕ್ಕೇ ಈಗ ಕೂತಿದ್ದೇನೆ. ನೀವು ಧಾರಾಳವಾಗಿ ನಗಬಹುದು. ಬರೆಯುವಾಗ ನಡುನಡುವೆ ನಾನು ಮೈ ತುರಿಸಿಕೊಂಡರೆ ಮಾತ್ರ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ನನ್ನ ಹೆಂಡತಿ ಐಡಾ ನವೆಂಬರಿನಲ್ಲಿ ಉಡುಪಿಗೆ ಹೋದಳು. ಮಗಳು ಶರಲ್‌ಳ ಬಾಣಂತನ. "ಮೂರು ತಿಂಗಳು, ಖಲಾಸ್, ಬಂದೆ" ಎಂದು ಹೇಳಿ ವಿಮಾನ ಹತ್ತಿದ್ದಳು. ಮೂರು ಐದಾಯಿತು, ಐದು ಏಳಾಯಿತು. ಮೊಮ್ಮಗ ಬ್ರಾಯನ್ ಮಗುಚಿದ, ಅಂಬೆಗಾಲಿಟ್ಟ, ಎರಡು ಹಲ್ಲು ತರಿಸಿಕೊಂಡ. ಇಷ್ಟೆಲ್ಲ ಬಂತು, ನನ್ನ ಹೆಂಡತಿ ಮಾತ್ರ ಬರಲಿಲ್ಲ.

ದಿನಾ ಸಂಜೆ ಆರೂವರೆಗೆ ವೀಡಿಯೋ ಕಾಲ್ ಇತ್ತು. ಆದರೆ ಫೋನ್ ಹಿಡಿಯುವವಳು ಐಡಾ. ಹಾಗಾಗಿ ನನಗೆ ಕಾಣುವುದು ಬ್ರಾಯನ್‌ನ ಹಣೆ. ಸ್ವಲ್ಪ ಹೊತ್ತಿಗೆ ಅವನ ಮೂಗಿನ ಹೊಳ್ಳೆ. ಆ ಹೊಳ್ಳೆಗಳನ್ನು ಏಳು ತಿಂಗಳಲ್ಲಿ ನಾನು ನೋಡಿದಷ್ಟು ಯಾವ ಮೂಗಿನ ಡಾಕ್ಟರೂ ನೋಡಿರಲಾರರು! ಐಡಾಳ ಧ್ವನಿ ಮಾತ್ರ ಹಿಂದಿನಿಂದ ಬರುತ್ತಿತ್ತು.

"ಫೋನ್ ಸ್ವಲ್ಪ ತಿರುಗಿಸು ಮಾರಾಯ್ತಿ," ಎಂದೆ ಒಂದು ದಿನ.

ತಿರುಗಿಸಿದಳು. ಎರಡು ಪುಟ್ಟ ಪಾದಗಳು ಕಂಡವು.

"ಕಂಡಿತಾ? ಹೆಬ್ಬೆರಳು ಥೇಟ್ ನಿಮ್ಮದೇ!"

ನನಗೆ ನೋಡಬೇಕಾದ್ದು ನಿನ್ನ ಮುಖ ಎಂದು ಹೇಳಲು ಐವತ್ತಾರು ವರ್ಷದ ಗಂಡಸಿಗೆ ನಾಚಿಕೆ. "ಹೌದು, ನನ್ನದೇ," ಎಂದೆ. ಫೋನ್ ಇಟ್ಟ ಮೇಲೆ ಊಟಕ್ಕೆ ಎರಡು ತಟ್ಟೆ ತೆಗೆದು, ಒಂದನ್ನು ವಾಪಸು ಇಟ್ಟೆ. ಇದು ವಾರಕ್ಕೆ ನಾಲ್ಕು ಸಲವಾದರೂ ಆಗುತ್ತಿತ್ತು. ಮಂಚದಲ್ಲಿ ಅವಳ ಬದಿಯ ಹಾಸಿಗೆಯನ್ನು ನಾನು ಮುಟ್ಟಿರಲಿಲ್ಲ. ಅವಳು ಮಡಚಿಟ್ಟ ಹೊದಿಕೆ ಹಾಗೇ ಇತ್ತು, ದಿಂಬು ಹಾಗೇ ಇತ್ತು. ಏಳು ತಿಂಗಳು ನಾನು ಗೋಡೆಯ ಬದಿಯಲ್ಲಿ, ಅರ್ಧ ಮಂಚದಲ್ಲಿ, ಒಬ್ಬ ಶಿಸ್ತಿನ ಬಾಡಿಗೆದಾರನಂತೆ ಮಲಗಿದೆ. ಅವಳು ಪಕ್ಕದಲ್ಲಿ ಇಲ್ಲದ ನಿದ್ದೆ ನಿದ್ದೆಯೇ ಅಲ್ಲ. ಬರೆಯುವುದರಲ್ಲಿ ನಾಚಿಕೆ ಇಲ್ಲವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಹೀಗಿರುವಾಗ ಜೂನ್ ಮೊದಲ ವಾರದಲ್ಲಿ ಒಂದು ಸಂಜೆ ಸುದ್ದಿ ಬಂತು. ನಾವು ಮನೆಯಲ್ಲಿ ಆಡುವುದು ಕೊಂಕಣಿ. ನಿಮಗಾಗಿ ಕನ್ನಡದಲ್ಲಿ ಬಡಿಸುತ್ತಿದ್ದೇನೆ.

"ಬರುವ ಶನಿವಾರ ಮಧ್ಯಾಹ್ನದ ಫ್ಲೈಟಿಗೆ ಬರ್ತೇನೆ," ಎಂದಳು ಐಡಾ, ಬ್ರಾಯನ್‌ನ ಕಿವಿಯ ಹಿಂದಿನಿಂದ. "ರಿಟರ್ನ್ ಟಿಕೆಟ್ ಕೂಡ ಮಾಡಿಸಿದ್ದೇನೆ. ಹದಿನೈದು ದಿನಕ್ಕೆ."

ಕುಣಿಯಲು ಎತ್ತಿದ ಕಾಲನ್ನು ಹಾಗೇ ಇಳಿಸಿದೆ. "ರಿಟರ್ನ್ ಯಾಕೆ?"

"ಬಂದು ನೋಡ್ತೇನೆ. ಮೊದಲಿನ ಹಾಗೇ ಮೈ ತುರಿಸಲಿಕ್ಕೆ ಶುರು ಆದ್ರೆ ನಾನು ವಾಪಸು. ಶರಲ್ ಹೇಗೂ ಇಲ್ಲೇ ಇರು ಅಂತಾಳೆ."

"ಅದು ನರದ್ದು ಐಡಾ, ನಾನು ಎಷ್ಟು ಸಲ..."

"ನರ ಇಲ್ಲಿಯೂ ನನ್ನ ಜೊತೆಗೇ ಉಂಟಲ್ಲ? ಮತ್ತೆ ಇಲ್ಲಿ ಯಾಕೆ ತುರಿಸುದಿಲ್ಲ?"

ಹನ್ನೊಂದು ಸಾವಿರ ದಾಖಲೆಗಳ ಒಡೆಯ, ಫೋನ್ ಚಾರ್ಜಿಗೆ ಇಡಬೇಕು ಎಂದು ನೆಪ ಹೇಳಿ ಮಾತು ಮುಗಿಸಿದೆ.

ಈ ತುರಿಕೆಯ ಕಥೆ ಹೇಳಬೇಕು. ಅಲ್ ಮಬೇಲಾದ ಈ ಹಳೆಯ ವಿಲ್ಲಾಕ್ಕೆ ನಾವು ಬಂದು ಎರಡೂವರೆ ವರ್ಷ. ಬಂದ ಮೇಲೆ ನನಗೆ ದೊಡ್ಡ ಪ್ರಾಜೆಕ್ಟ್ ಗಂಟುಬಿದ್ದು, ಒಮ್ಮೆಯೂ ಇಬ್ಬರೂ ಒಟ್ಟಿಗೆ ಊರಿಗೆ ಹೋಗಿರಲಿಲ್ಲ. ಮೂರನೇ ತಿಂಗಳಿಗೇ ಐಡಾ ಕುತ್ತಿಗೆ, ತೋಳು ತುರಿಸಿಕೊಳ್ಳಲು ಶುರುಮಾಡಿದಳು. "ಏನೋ ಚುಚ್ತದೆ" ಎನ್ನುತ್ತಿದ್ದಳು. ನಾನು ದಿಂಬಿನ ಮೇಲೆ ಟಾರ್ಚ್ ಬಿಟ್ಟು, "ಎಲ್ಲಿ? ಎಂತದೂ ಇಲ್ಲ!" ಎಂದು ತೀರ್ಪು ಕೊಡುತ್ತಿದ್ದೆ. ಡಾಕ್ಟರ ಹತ್ತಿರ ಹೋದಾಗ ಅವಳಿಗಿಂತ ಮೊದಲು ನಾನೇ ಬಾಯಿ ಹಾಕಿ, "ಎಲ್ಲ ಮನಸ್ಸಿಂದು ಡಾಕ್ಟ್ರೆ" ಎಂದಿದ್ದೆ. ಒಮ್ಮೆ ನಮ್ಮ ಚರ್ಚಿನ ವಾರ್ಡಿನ ಪ್ರಾರ್ಥನಾ ಕೂಟ ನಮ್ಮ ಮನೆಯಲ್ಲಿ ನಡೆದಾಗ ಹದಿನೆಂಟು ಜನರ ಮುಂದೆ, "ಐಡಾಳಿಗೆ ಈಗ ತುರಿಕೆಯ ಪ್ರಾಯ!" ಎಂದು ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಐಡಾ ಚಾ ತರಲು ಒಳಗೆ ಹೋದವಳು ತುಂಬ ಹೊತ್ತು ಬರಲಿಲ್ಲ.

ಇರಲಿ. ಈಗ ನನಗೆ ಇದ್ದದ್ದು ಒಂದೇ ಗುರಿ. ಆ ಹದಿನೈದು ದಿನದ ಟಿಕೆಟ್ಟನ್ನು ಅವಳ ಕೈಯಿಂದಲೇ ಹರಿದು ಹಾಕಿಸಬೇಕು. ಅದಕ್ಕೆ ಮನೆ ಕನ್ನಡಿಯಂತೆ ಶುದ್ಧವಾಗಿದೆ ಎಂದು ಸಾಬೀತು ಮಾಡಬೇಕು. ನೆಲ ಒರೆಸಿದೆ, ಪರದೆ ಒಗೆದೆ, ಮಂಚದ ಕೆಳಗೆ ತೂರಿ ಹೊರಬಂದೆ. ಉಳಿದದ್ದು ಒಂದೇ, ನೆತ್ತಿಯ ಮೇಲಿನ ಎ.ಸಿ. ಡಕ್ಟ್. ಛತ್ತಿನ ಮೇಲಿನ ಯಂತ್ರದಿಂದ ತಣ್ಣನೆಯ ಗಾಳಿಯನ್ನು ಕೋಣೆಕೋಣೆಗೂ ಹೊತ್ತು ತರುವ ತಗಡಿನ ಕೊಳವೆ. "ಇದನ್ನು ಸ್ವತಃ ನಾನೇ ಶುದ್ಧೀಕರಿಸುತ್ತೇನೆ!" ಎಂದು ಖಾಲಿ ಕೋಣೆಯಲ್ಲಿ ಘೋಷಿಸಿದೆ.

ನಮ್ಮ ಕಂಪೆನಿಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಮೆಥಡ್ ಸ್ಟೇಟ್‌ಮೆಂಟ್ ಬೇಕು. ಯಾವ ಕೆಲಸ, ಯಾವ ಕ್ರಮದಲ್ಲಿ, ಯಾವ ಹತಾರದಿಂದ, ಅಪಾಯವೇನು ಎಂದು ಬರೆದು ಒಪ್ಪಿಗೆ ಪಡೆಯಬೇಕು. ಇಪ್ಪತ್ತೆರಡು ವರ್ಷದ ಅಭ್ಯಾಸ, ಬಿಡುತ್ತದೆಯೇ? ನಾನೂ ಬರೆದೆ. 'ಡಕ್ಟ್ ಶುದ್ಧೀಕರಣ, ರಿವಿಷನ್ ಸೊನ್ನೆ,' ಅಂದರೆ ಮೊದಲ ಪ್ರತಿ. ಏಳು ಪುಟ. ಅಪಾಯಗಳ ಪಟ್ಟಿಯಲ್ಲಿ 'ಏಣಿಯಿಂದ ಬೀಳುವುದು', 'ಹಲ್ಲಿ' ಎಂದು ನಮೂದಿಸಿದೆ. ಅದನ್ನು ಒಪ್ಪಿಗೆಗಾಗಿ ನಮ್ಮ ಸ್ಟೋರ್ ಕೀಪರ್ ಕೊರಗಪ್ಪನವರಿಗೆ ವಾಟ್ಸಾಪ್ ಮಾಡಿದೆ. ಕೊರಗಪ್ಪ ಬೆಳ್ಮಣ್ಣಿನವರು, ಹೆಂಡತಿ ಮೋಹಿನಿಯ ಜೊತೆ ಮಸ್ಕತ್ತಿನದೇ ದಾರ್ಸೈಟ್ ಬಡಾವಣೆಯಲ್ಲಿ ವಾಸ, ನನ್ನ ಹದಿನೈದು ವರ್ಷದ ಊಟದ ಡಬ್ಬಿಯ ಗೆಳೆಯ.

ಹತ್ತು ನಿಮಿಷದಲ್ಲಿ ಉತ್ತರ ಬಂತು. 'ಟಿಪ್ಪಣಿಯೊಂದಿಗೆ ಒಪ್ಪಿಗೆ. ಟಿಪ್ಪಣಿ: ಈ ಕೆಲಸ ಮಾಡಬೇಡಿ.'

ಆದರೂ ಇಲ್ಲಿನ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ನಾನು ಚರ್ಚಿನಲ್ಲಿ ಮೊದಲ ಪೂಜೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಕೊರಗಪ್ಪ ಕಾರಿನ ಮೇಲೆ ಏಣಿ ಕಟ್ಟಿಕೊಂಡು ಗೇಟಿನ ಎದುರು ಹಾಜರ್.

"ಬೇಡ ಅಂದವರು ಬಂದದ್ದು ಯಾಕೆ?"

"ನೀವು ಬೀಳುದನ್ನು ನೋಡ್ಲಿಕ್ಕೆ ಒಬ್ಬ ಸಾಕ್ಷಿ ಬೇಡ್ವಾ ಮಾರಾಯ್ರೆ?"

ಹೊರಗೆ ನಲವತ್ತಾರು ಡಿಗ್ರಿ. ಎ.ಸಿ. ಬಂದ್ ಮಾಡಿದೆವು. ಎರಡು ಲುಂಗಿ, ಎರಡು ಬನಿಯನ್, ಎರಡು ದೊಡ್ಡ ಹೊಟ್ಟೆಗಳು ಯುದ್ಧಕ್ಕೆ ಸನ್ನದ್ಧವಾದವು. ಐಡಾಳ ಬದಿಯ ಮೇಲಿದ್ದ ಜಾಲರಿಯನ್ನು ನಾನು ಬಿಚ್ಚಿದೆ. ಒಳಗೆ ಕತ್ತಲೆ. ಟಾರ್ಚ್ ಬಿಟ್ಟರೆ ಕೊಳವೆಯ ಒಳಮೈಗೆ ಕರ್ರಗಿನ ದಪ್ಪ ಪದರವೊಂದು ಮೆತ್ತಿಕೊಂಡಿತ್ತು. ಅಲ್ಲಲ್ಲಿ ಹರಿದು, ಒಳಗಿನಿಂದ ಹಳದಿ ಹತ್ತಿಯಂಥದ್ದು ಜೋಲುತ್ತಿತ್ತು.

"ಅಬ್ಬಬ್ಬಾ! ಕೊಳೆ ನೋಡಿ ಕೊರಗಪ್ಪ, ಒಂದು ಇಂಚು ದಪ್ಪ!"

"ಒಂದು ಇಂಚಾ? ಎಷ್ಟು ವರ್ಷದ್ದು?"

"ಒಮಾನಿನ ಧೂಳು ಮಾರಾಯ್ರೆ. ಪದರ ಪದರ ಕೂತು ಕಂಬಳಿ ಆಗಿದೆ!"

ಐಡಾ ಊರಿನಿಂದ ತಂದಿಟ್ಟಿದ್ದ ತೆಂಗಿನ ಕಡ್ಡಿಯ ಹಿಡಿಸೂಡಿಯನ್ನು ನೆಲ ಒರೆಸುವ ಕೋಲಿನ ತುದಿಗೆ ಕಟ್ಟಿದೆ. ಕೊಳವೆಯೊಳಗೆ ನುಗ್ಗಿಸಿ ಎಳೆದೆ. ಪರ್ರ್ ಎಂದು ಒಂದು ಮೊಳ ಕಂಬಳಿ ಕಿತ್ತು ಬಂತು! ಆ ಶಬ್ದ ಕೇಳಿದಾಗ ನನಗಾದ ಆನಂದವನ್ನು ಹೇಗೆ ವರ್ಣಿಸಲಿ? ಕೆರೆದಷ್ಟೂ ಬಂತು, ಬಂದಷ್ಟೂ ಕೆರೆದೆ. ಕೊರಗಪ್ಪ ಕೆಳಗಿನಿಂದ ಗೋಣಿಗೆ ತುಂಬಿದರು. ನಂತರ ಅವರಿಗೂ ಹುಮ್ಮಸ್ಸು ಬಂದು, "ಇಳೀರಿ, ಇಳೀರಿ, ನಂಗೂ ಸ್ವಲ್ಪ ಬಿಡಿ" ಎಂದು ಏಣಿ ಹತ್ತಿದರು. ಎರಡು ಗಂಟೆಯಲ್ಲಿ ನಾಲ್ಕು ಗೋಣಿ! ಕೊಳವೆಯ ತಗಡು ಬೆಳ್ಳಿಯಂತೆ ಮಿನುಗಿತು.

"ಇದರ ಫೋಟೋ ತೆಗೆದು ಐಡಾಬಾಯಿಯವರಿಗೆ ಕಳಿಸಿ," ಎಂದರು ಕೊರಗಪ್ಪ, ಗೋಣಿಯ ಮೇಲೆ ಕಾಲಿಟ್ಟು.

"ಇಲ್ಲ, ಸರ್‌ಪ್ರೈಸ್. ನಾಳೆ ಅವಳೇ ಬಂದು ನೋಡಲಿ."

ಆಮೇಲೆ ನಾನು ಜಾಲರಿಯನ್ನು ಮತ್ತೆ ಕೂರಿಸಿ, ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸಿದೆ. ತಿಳಿ ನೀಲಿ, ಬಿಳಿ ಹೂಗಳು. ಅವಳ ಕಪಾಟು ತೆರೆದು, ಏಳು ತಿಂಗಳಿಂದ ಮುಚ್ಚಿಟ್ಟ ಸೀರೆ, ಚೂಡಿದಾರ, ನೈಟಿಗಳನ್ನು ಗಾಳಿಗೆಂದು ಕೋಣೆಯಲ್ಲೇ ತೂಗುಹಾಕಿದೆ. ಒಂದು ಹಸಿರು ಚೂಡಿದಾರವನ್ನು ಮುಖಕ್ಕೆ ಹತ್ತಿರ ಹಿಡಿದು ನೋಡಿದೆ. ಅವಳ ಪೌಡರಿನ ವಾಸನೆ ಇನ್ನೂ ಇತ್ತು. ಕೊರಗಪ್ಪ ಕೆಮ್ಮಿ ಕಿಟಕಿಯ ಕಡೆ ತಿರುಗಿದರು.

"ಈಗ ಎ.ಸಿ. ಹಾಕಿ," ಎಂದರು. "ಫುಲ್ ಸ್ಪೀಡ್. ಉಳಿದ ಪುಡಿ ಎಲ್ಲ ಒಮ್ಮೆ ಊದಿ ಹೋಗ್ಲಿ."

ಏಳು ಪುಟದ ಮೆಥಡ್ ಸ್ಟೇಟ್‌ಮೆಂಟಿನಲ್ಲಿ ಈ ಸಾಲು ಇರಲಿಲ್ಲ. ಆದರೂ ನಾನು ಗುಂಡಿ ಒತ್ತಿದೆ. "ಯಲ್ಲಾ!" ಅಂದರೆ ಇಲ್ಲಿಯವರ ಅರಬ್ಬಿಯಲ್ಲಿ, ನಡಿ!

ಮೊದಲು ಗುರ್ ಎಂದಿತು. ನಂತರ ಜಾಲರಿಯಿಂದ ಚಿನ್ನ ಸುರಿಯಿತು! ಸುಳ್ಳಲ್ಲ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಲಕ್ಷಾಂತರ ಸಣ್ಣ ಸಣ್ಣ ಎಳೆಗಳು ಮಿರಮಿರನೆ ಮಿನುಗುತ್ತ, ತೇಲುತ್ತ ಇಳಿದವು. ಹೊಸ ಬೆಡ್‌ಶೀಟಿನ ಮೇಲೆ, ಸೀರೆಗಳ ಮೇಲೆ, ನಮ್ಮ ಬೆವೆತ ಬೋಳು ತಲೆಗಳ ಮೇಲೆ. ನಾವಿಬ್ಬರೂ ಬಾಯಿ ತೆರೆದು ನೋಡುತ್ತ ನಿಂತೆವು. ಆ ಬಾಯಿ ತೆರೆದದ್ದೂ ತಪ್ಪೇ.

"ಎಷ್ಟು ಚೆಂದ!" ಎಂದರು ಕೊರಗಪ್ಪ. ಮರುಕ್ಷಣ ಕುತ್ತಿಗೆಗೆ ಕೈ ಹಾಕಿದರು. "ಆದ್ರೆ... ಸ್ವಲ್ಪ ಚುಚ್ತದಲ್ಲ?"

ನನ್ನ ಕೈ ಆಗಲೇ ಬೆನ್ನಿನ ಮೇಲಿತ್ತು. ಅಲ್ಲಿಂದ ಹೊಟ್ಟೆಗೆ ಬಂತು, ಹೊಟ್ಟೆಯಿಂದ ಮೊಣಕೈಗೆ, ಅಲ್ಲಿಂದ ನಾನು ಹೆಸರು ಹೇಳಲಾಗದ ಸ್ಥಳಗಳಿಗೆ! ಎರಡು ನಿಮಿಷದಲ್ಲಿ ಇಬ್ಬರೂ ಕೋಣೆಯ ಎರಡು ಗೋಡೆಗಳಿಗೆ ಬೆನ್ನು ಉಜ್ಜುತ್ತಿದ್ದೆವು.

"ಇದು ಕೆಸುವಿನ ತುರಿಕೆಯ ಹಾಗೇ ಉಂಟು!" ಎಂದು ಕೂಗಿದೆ.

"ಸೇಮ್! ಪತ್ರೊಡೆಗೆ ಎಲೆ ಹೆಚ್ಚುವಾಗ ಆಗುದಿಲ್ವಾ, ಅದೇ!"

ಕರಾವಳಿಯ ಮನುಷ್ಯನಿಗೆ ತುರಿಕೆ ಎಂದರೆ ಒಂದೇ, ಕೆಸುವಿನದು. ಅದಕ್ಕೆ ಮದ್ದೂ ಒಂದೇ, ಹುಳಿ. ಇದರಲ್ಲಿ ಕ್ರೈಸ್ತ, ಹಿಂದೂ ಎಂಬ ಭೇದವಿಲ್ಲ. ಕೊರಗಪ್ಪ ಮೋಹಿನಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಮೋಹಿನಿಯ ಖಡಕ್ ಆದೇಶ ಬಂತು. "ಹುಣಸೆಹುಳಿ ಕಿವುಚಿ ಮೈಗೆ ಉಜ್ಜಿ. ಒಣಗಿದ ಮೇಲೆ ತೆಂಗಿನೆಣ್ಣೆ. ಗಟ್ಟಿ ಉಜ್ಜಬೇಕು, ಆಯ್ತಾ?"

ಆಯ್ತು! ಅರ್ಧ ಕಿಲೋ ಹುಣಸೆಹುಳಿ ಪಾತ್ರೆಗೆ ಬಿತ್ತು. ಅಡುಗೆಮನೆಯಲ್ಲಿ ಇಬ್ಬರು ಮರ್ಯಾದಸ್ಥರು ಒಬ್ಬರ ಬೆನ್ನಿಗೆ ಒಬ್ಬರು ಗಟ್ಟಿಯಾಗಿ ಹುಳಿ ಉಜ್ಜಿದೆವು. ಮೇಲೆ ತೆಂಗಿನೆಣ್ಣೆ ಹಚ್ಚಿದೆವು. ಒಂದಿಷ್ಟು ಮೆಣಸಿನ ಪುಡಿ, ಬೆಲ್ಲ ಸೇರಿದ್ದರೆ ಪತ್ರೊಡೆಯಂತೆ ಸುರುಳಿ ಸುತ್ತಿ ಹಬೆಗೆ ಇಡಬಹುದಿತ್ತು! ತುರಿಕೆ ಮಾತ್ರ ತಗ್ಗುವ ಬದಲು ಚರ್ಮದೊಳಗೇ ಮನೆ ಮಾಡಿತು. ಹುಳಿ ತಾಗಿ ಉರಿಯೂ ಜೊತೆಗೂಡಿತು. ಕೊರಗಪ್ಪ ಕುಣಿಯುತ್ತಲೇ ಕಾರು ಹತ್ತಿದರು. "ಏಣಿ ಅಲ್ಲೇ ಇರ್ಲಿ! ನಾನು ಇರುದು ಡೌಟು!" ಎಂದು ಕೂಗುತ್ತ ದಾರ್ಸೈಟಿನ ಕಡೆ ಓಟಕಿತ್ತರು.

ನಾನು ಫಾಹಿಮ್‌ಗೆ ಫೋನ್ ಮಾಡಿದೆ. ಫಾಹಿಮ್ ನಮ್ಮ ಬೀದಿಯ ತುದಿಯ ವರ್ಕ್‌ಶಾಪಿನ ಎ.ಸಿ. ಮೆಕ್ಯಾನಿಕ್, ಪಾಕಿಸ್ತಾನದ ಸಿಯಾಲ್‌ಕೋಟಿನವ, ಗಡ್ಡ ನರೆತ ನಿಧಾನಿ. ಮೊದಲು ಅವನನ್ನೇ ಕರೆಯಬೇಕಿತ್ತು ಎಂದು ನೀವು ಅನ್ನಬಹುದು. ನನ್ನ ಹೆಂಡತಿಯೂ ಹಾಗೇ ಅನ್ನುತ್ತಿದ್ದಳು.

ಫಾಹಿಮ್ ಬಂದ. ಹುಳಿಯಲ್ಲಿ ಮಿಂದ ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಬಾಗಿಲಲ್ಲೇ ನಿಂತು ಮೂಗಿಗೆ ಬಟ್ಟೆ ಕಟ್ಟಿಕೊಂಡ. ಎ.ಸಿ. ಬಂದ್ ಮಾಡಿಸಿದ. ಗೋಣಿಯೊಳಗೆ ಇಣುಕಿದ.

"ಅಂಕಲ್, ಯೇ ಕಚ್‌ರಾ ಕಿಸ್‌ನೆ ಬೋಲಾ?" ಇದು ಕಸ ಎಂದು ಹೇಳಿದವರು ಯಾರು?

"ಮತ್ತೆ?"

ಅವನು ಸಮಾಧಾನದಿಂದ ವಿವರಿಸಿದ. ಅದು ಕೊಳೆಯಲ್ಲ. ಗಾಳಿಯ ತಂಪು ಕಾಪಾಡಲು, ಸದ್ದು ತಗ್ಗಿಸಲು ಕೊಳವೆಯ ಒಳಗೆ ಅಂಟಿಸುವ ಫೈಬರ್‌ಗ್ಲಾಸಿನ ಪದರ. ಗಾಜಿನ ಉಣ್ಣೆ. ಕೂದಲಿಗಿಂತ ತೆಳ್ಳಗಿನ ಗಾಜಿನ ಎಳೆಗಳು. ನಾವು ಎರಡು ಗಂಟೆ ಬೆವರು ಸುರಿಸಿ ಕಿತ್ತದ್ದು ಡಕ್ಟಿನ ಕೊಳೆಯನ್ನಲ್ಲ, ಅದರ ಒಳ ಅಂಗಿಯನ್ನು! ಕೆರೆದು ಪುಡಿ ಮಾಡಿ, ಗಾಳಿ ಬಿಟ್ಟು, ಮನೆಯೆಲ್ಲ ಹಂಚಿದ್ದೆವು. ಉಜ್ಜಿದರೆ ಎಳೆಗಳು ಚರ್ಮದೊಳಗೆ ಇಳಿಯುತ್ತವೆ, ಎಣ್ಣೆ ಹಚ್ಚಿದರೆ ಅಲ್ಲೇ ಅಂಟುತ್ತವೆ. ಸುಮ್ಮನೆ ತಣ್ಣೀರು ಸುರಿದುಕೊಳ್ಳಬೇಕಿತ್ತಂತೆ. ಮೋಹಿನಿಯ ಮದ್ದಿಗೂ ಫಾಹಿಮ್‌ನ ಮದ್ದಿಗೂ ಇಷ್ಟೇ ವ್ಯತ್ಯಾಸ.

ಆಮೇಲೆ ಅವನು ಏಣಿ ಹತ್ತಿ, ಜಾಲರಿ ಸರಿಸಿ, ನಾವು ಮುಟ್ಟದೆ ಬಿಟ್ಟಿದ್ದ ಒಂದು ಮೂಲೆಯನ್ನು ಟಾರ್ಚಿನಲ್ಲಿ ನೋಡಿದ. ಬೆರಳಿನಿಂದ ಒತ್ತಿದ. ಹಳದಿ ಪುಡಿ ಉದುರಿತು.

"ಯೇ ತೋ ಪುರಾನಾ ಹೈ. ದೋ-ತೀನ್ ಸಾಲ್ ಸೇ ಫಟಾ ಹುವಾ ಹೈ." ಎರಡು ಮೂರು ವರ್ಷದಿಂದ ಹರಿದಿದೆ ಎಂದ. ಕೆಳಗೆ ಮಂಚದ ಕಡೆ ನೋಡಿದ. "ಇಧರ್ ಕೌನ್ ಸೋತಾ ಹೈ, ಅಂಕಲ್?" ಇಲ್ಲಿ ಮಲಗುವವರು ಯಾರು?

"ನನ್ನ ಹೆಂಡತಿ."

"ಉನ್‌ಕೋ ಖುಜ್‌ಲೀ ನಹೀಂ ಹೋತೀ ಥೀ?"

ಅವರಿಗೆ ತುರಿಕೆ ಆಗುತ್ತಿರಲಿಲ್ಲವೇ ಎಂದು ಬಹಳ ಸಹಜವಾಗಿ ಕೇಳಿದ್ದ. ನಾನು ಗೋಡೆಯ ಬದಿಯ ನನ್ನ ದಿಂಬನ್ನು ನೋಡಿದೆ. ಎ.ಸಿ. ಗಾಳಿ ನೇರವಾಗಿ ಬಿದ್ದರೆ ನನಗೆ ಕುತ್ತಿಗೆ ಹಿಡಿಯುತ್ತದೆ. ಹಾಗಾಗಿ ಗೋಡೆಯ ಬದಿ ನಾನು ತೆಗೆದುಕೊಂಡು, ಜಾಲರಿಯ ಕೆಳಗಿನ ತಂಪು ಜಾಗವನ್ನು ಅವಳಿಗೆ ಬಿಟ್ಟುಕೊಟ್ಟಿದ್ದೆ. ಅದನ್ನು ತ್ಯಾಗ ಎಂದು ನಾಲ್ಕು ಜನರ ಮುಂದೆ ಜಂಭವನ್ನೂ ಕೊಚ್ಚಿದ್ದೆ. ಅವಳು ಊರಿಗೆ ಹೋಗುವವರೆಗೆ, ಸುಮಾರು ಎರಡು ವರ್ಷ, ದಿನಾ ರಾತ್ರಿ ಅವಳ ಮೇಲೆ ಗಾಜು ಉದುರಿತ್ತು. ಅವಳು ಹೇಳಿದ್ದಳು. ಒಂದು ಸಲವಲ್ಲ, ಸಾವಿರ ಸಲ.

ಫಾಹಿಮ್ ಮೂರು ದಿನ ಬೇಕು ಎಂದ. ಹಳೆಯ ಪದರವನ್ನೆಲ್ಲ ತೆಗೆದು, ದೊಡ್ಡ ಯಂತ್ರದಿಂದ ಪುಡಿ ಹೀರಿ, ಹೊಸ ಕೊಳವೆ ಹಾಕಬೇಕು. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ಇರಬಾರದು. ಸಂಜೆಯವರೆಗೆ ನಾನು ಅಂಗಳದ ನಲ್ಲಿಯ ಕೆಳಗೆ ಕೂತು ಐಡಾಳ ಬಟ್ಟೆಗಳನ್ನು ಒಂದೊಂದಾಗಿ ನೀರಿಗೆ ಹಿಡಿದೆ. ಆರೂವರೆಗೆ ಫೋನ್ ಬಂತು. ನನ್ನ ಅವತಾರ ಕಾಣದಂತೆ ಕ್ಯಾಮೆರಾ ಮುಚ್ಚಿದೆ.

"ಯಾಕೆ ಕತ್ತಲೆ?" ಎಂದಳು.

"ಕ್ಯಾಮೆರಾ ಹಾಳಾಗಿದೆ."

"ಪ್ಯಾಕಿಂಗ್ ಆಯ್ತು. ನಾಳೆ ಏರ್‌ಪೋರ್ಟಿಗೆ ಬರ್ತೀರಲ್ಲ?"

ಬರುವುದೇನು, ಈಗಲೇ ಹೋಗಿ ನಿಲ್ಲಬೇಕೆನಿಸಿತ್ತು. ಅದೇ ಹೊತ್ತಿಗೆ, ಬರಬೇಡ ಐಡಾ, ನಿನ್ನನ್ನು ಉಳಿಸಿಕೊಳ್ಳಲು ಇಟ್ಟಿದ್ದ ಮನೆಯನ್ನು ನಾನೇ ಹಾಳು ಮಾಡಿದ್ದೇನೆ ಎಂದು ಹೇಳಬೇಕೆಂದೂ ಅನಿಸಿತು. "ಬರ್ತೇನೆ," ಎಂದಷ್ಟೇ ಹೇಳಿದೆ.

ಶನಿವಾರ ಮಧ್ಯಾಹ್ನ ಎರಡೂವರೆ ಗಂಟೆ, ಏರ್‌ಪೋರ್ಟ್. ಅಷ್ಟರಲ್ಲಿ ನಾನು ಏಳು ಸಲ ಮಿಂದಿದ್ದೆ. ಆದರೂ ಎಳೆಗಳು ಬಿಟ್ಟಿರಲಿಲ್ಲ. ಮೈ ಮುಚ್ಚಲು ತುಂಬು ತೋಳಿನ ಶರ್ಟು ತೊಟ್ಟಿದ್ದೆ. ಅದೂ ಆ ಕೋಣೆಯ ಬಾಗಿಲ ಹಿಂದೆ ನೇತಾಡುತ್ತಿದ್ದ ಶರ್ಟು ಎಂಬುದು ತೊಟ್ಟ ಮೇಲೆ ನೆನಪಾಯಿತು. ಎರಡು ಕೈಗಳನ್ನೂ ಮೈಗೆ ತಾಗಿಸದೆ ಅಗಲಿಸಿ ನಿಂತಿದ್ದೆ. ಬಾಗಿಲು ತೆರೆಯಿತು. ಜನ ಬಂದರು. ಮತ್ತೆ ಜನ. ಮತ್ತೆ ಐಡಾ.

ಏಳು ತಿಂಗಳ ಮೇಲೆ ಅವಳ ಮುಖ! ಸ್ವಲ್ಪ ದಪ್ಪಗಾಗಿದ್ದಳು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು ಹೊಸದು. ಕುತ್ತಿಗೆಯಲ್ಲಿ ಒಂದೇ ಒಂದು ಗೀರಿಲ್ಲ. ನನ್ನ ಕಣ್ಣು ತುಂಬಿ ಟ್ರಾಲಿ ಎರಡಾಗಿ ಕಂಡಿತು. ಅವಳು ಟ್ರಾಲಿ ಬಿಟ್ಟು ವೇಗವಾಗಿ ಬಂದಳು.

"ಹತ್ತಿರ ಬರಬೇಡ!" ಎಂದು ಕಿರುಚಿದೆ.

ಐಡಾ ಅಲ್ಲೇ ನಿಂತಳು. ಮುಖದ ನಗು ಇಳಿಯಿತು. ಪಕ್ಕದಲ್ಲಿದ್ದ ಒಂದು ಸಂಸಾರವೂ ನಿಂತು ನೋಡಿತು.

"ಇದನ್ನು ಹೇಳ್ಲಿಕ್ಕೆ ಕರೆಸಿದ್ದಾ ನನ್ನನ್ನು?" ಎಂದಳು ಸಣ್ಣ ಧ್ವನಿಯಲ್ಲಿ.

"ಅಲ್ಲ, ಅಲ್ಲ! ನನ್ನ ಮೈಯಲ್ಲಿ ಗಾಜು ಉಂಟು!"

ಅಷ್ಟಾದ ಮೇಲೆ ಮುಚ್ಚಿಡುವುದೇನು? ಟ್ರಾಲಿ ತಳ್ಳುತ್ತ, ಎರಡು ಮಾರು ಅಂತರದಲ್ಲಿ ನಡೆಯುತ್ತ, ಕಾರಿನವರೆಗೆ ಎಲ್ಲವನ್ನೂ ಒಪ್ಪಿಸಿದೆ. ಹಿಡಿಸೂಡಿ, ನಾಲ್ಕು ಗೋಣಿ, ಹುಣಸೆಹುಳಿ, ಫಾಹಿಮ್. ಮನೆಯಲ್ಲಿ ಮೂರು ದಿನ ಕಾಲಿಡುವಂತಿಲ್ಲ, ಮೋಹಿನಿ ದಾರ್ಸೈಟಿನಲ್ಲಿ ಒಂದು ಕೋಣೆ ಬಿಟ್ಟುಕೊಟ್ಟಿದ್ದಾಳೆ ಎಂದೂ ಹೇಳಿದೆ. ಕೊನೆಗೆ ಫಾಹಿಮ್ ಕೇಳಿದ ಪ್ರಶ್ನೆಯನ್ನೂ ಹೇಳಿದೆ.

"ತಪ್ಪಾಯ್ತು ಐಡಾ," ಎಂದೆ. ಇಪ್ಪತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಈ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲು. "ನೀನು ಹೇಳಿದ್ದು ಸರಿ ಇತ್ತು. ನಾನು ನಂಬಲಿಲ್ಲ. ವಾಪಸು ಹೋಗ್ತೇನೆ ಅಂದ್ರೆ ಬೇಡ ಅನ್ಲಿಕ್ಕೆ ನನಗೆ ಮುಖ ಇಲ್ಲ."

ಬೈಗುಳಕ್ಕೆ ತಲೆತಗ್ಗಿಸಿ ನಿಂತೆ. ಅವಳು ನನ್ನ ತೋಳು ಹಿಡಿದು, ಅಂಗಿ ಮೇಲಕ್ಕೆ ಸರಿಸಿ, ಬಿಸಿಲಿಗೆ ಹಿಡಿದು ನೋಡಿದಳು. ಮಿರಿಮಿರಿ ಮಿನುಗುತ್ತಿತ್ತು.

"ಇದಾ?" ಎಂದಳು. "ಇದು ನನ್ನ ತಲೆಯ ಮೇಲೆ ಇತ್ತಾ? ಡಕ್ಟಿನಲ್ಲಿ?"

"ಹೌದು."

"ಹಾಗಾದ್ರೆ ನೀವಲ್ವಾ?"

"ನಾನಾ? ಎಂತ ನಾನು?"

ಐಡಾ ಕಾರಿಗೆ ಒರಗಿ ನಗಲು ಶುರುಮಾಡಿದಳು. ನಗುತ್ತ ನಗುತ್ತ ಕಣ್ಣೀರು ಬಂತು. ಕಣ್ಣೀರು ಬಂದಮೇಲೆ ನಗು ನಿಂತಿತು, ಕಣ್ಣೀರು ನಿಲ್ಲಲಿಲ್ಲ.

"ಊರಿಗೆ ಹೋದ ನಾಲ್ಕನೇ ದಿನಕ್ಕೇ ತುರಿಕೆ ನಿಂತಿತು," ಎಂದಳು. "ಇಲ್ಲಿ ಇದ್ದದ್ದು, ಅಲ್ಲಿ ಇಲ್ಲದ್ದು ಎಂತ ಅಂತ ಯೋಚನೆ ಮಾಡಿದೆ. ನೀವು! ನನಗೆ ನಿಮ್ಮ ಅಲರ್ಜಿ ಅಂತ ಗ್ರಹಿಸಿದೆ."

"ನನ್ನ ಅಲರ್ಜಿಯಾ?"

"ಊರಿನ ಡಾಕ್ಟ್ರ ಹತ್ರ ಕೂಡ ಕೇಳಿದೆ, ಗಂಡನ ಅಲರ್ಜಿ ಅಂತ ಉಂಟಾ ಅಂತ. ಅವರು ನಗಾಡಿ, ತುಂಬ ಹೆಂಗಸರಿಗೆ ಉಂಟು ಅಂದ್ರು. ನನಗೆ ನಗು ಬರ್ಲಿಲ್ಲ. ನಿಮ್ಮ ಒಂದು ಶರ್ಟು ತಗೊಂಡು ಹೋಗಿದ್ದೆ. ಪರೀಕ್ಷೆಗೆ ಅಂತ ಅದನ್ನು ಒಂದು ವಾರ ಹತ್ತಿರ ಇಟ್ಟು ಮಲಗಿದೆ."

"ಆ ನೀಲಿ ಚೌಕುಳಿಯಾ? ಅದಕ್ಕಾಗಿ ನಾನು ಲಾಂಡ್ರಿಯವನ ಜೊತೆ ಮಾತು ಬಿಟ್ಟು ಆರು ತಿಂಗಳಾಯ್ತಲ್ಲ ಮಾರಾಯ್ತಿ!"

"ಶರ್ಟಿಂದ ಎಂತದೂ ಆಗ್ಲಿಲ್ಲ. ಹಾಗಾದ್ರೆ ಶರ್ಟು ಅಲ್ಲ, ಒಳಗಿನ ಜನವೇ ಅಂತ ಆಯ್ತು. ಮತ್ತೆ ಬರ್ಲಿಕ್ಕೆ ಹೆದರಿಕೆ. ಬಂದು, ಪುನಃ ತುರಿಸಿ, ನಿಮ್ಮಿಂದಲೇ ಅಂತ ಖಂಡಿತ ಆದ್ರೆ ನಾನು ಎಲ್ಲಿಗೆ ಹೋಗುದು? ಅದಕ್ಕೆ ತಿಂಗಳು ತಿಂಗಳು ಮುಂದೆ ಹಾಕಿದೆ."

"ಮತ್ತೆ ಶರ್ಟು?"

ಅವಳು ಕೈಚೀಲದ ಕಡೆ ನೋಡಿ, ನೆಲ ನೋಡಿದಳು. "ಪರೀಕ್ಷೆ ಮುಗಿದ ಮೇಲೂ ಇಟ್ಟುಕೊಂಡೆ. ಅದಿಲ್ಲದೆ ನಿದ್ದೆ ಬರ್ತಿರ್ಲಿಲ್ಲ."

ಇಷ್ಟು ದಿನ ನಾನು ಮೊಮ್ಮಗನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಅವಳು ಅಲ್ಲಿ ನನ್ನ ಹಳೆ ಶರ್ಟಿನ ಜೊತೆ, ನಾನು ಇಲ್ಲಿ ಅವಳ ಖಾಲಿ ದಿಂಬಿನ ಜೊತೆ. ನಡುವೆ ಇಡೀ ಅರಬ್ಬಿ ಸಮುದ್ರ, ಒಂದು ಹರಿದ ಡಕ್ಟಿಗಾಗಿ! ಐಡಾ ಆಚೀಚೆ ನೋಡಿದಳು. ಪಾರ್ಕಿಂಗಿನ ಕಂಬಗಳ ನಡುವೆ ಯಾರೂ ಇರಲಿಲ್ಲ. ಗಾಜಿದೆ, ಬೇಡ ಎಂದು ನಾನು ಕೈ ಎತ್ತುವ ಮೊದಲೇ ಅವಳು ಬಂದು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ನಲವತ್ತಾರು ಡಿಗ್ರಿ ಬಿಸಿಲಿನಲ್ಲಿ ನಾವು ಹಾಗೇ ತುಂಬ ಹೊತ್ತು ನಿಂತಿದ್ದೆವು.

ಕಾರು ದಾರ್ಸೈಟಿನ ಕಡೆ ಹೊರಟಿತು. ಸಿಗ್ನಲ್ಲಿನಲ್ಲಿ ನಿಂತಾಗ ಐಡಾ ಮೊದಲು ಕುತ್ತಿಗೆ ಕೆರೆದುಕೊಂಡಳು. ಆಮೇಲೆ ಎಡತೋಳು. ಆಮೇಲೆ ಎರಡೂ ಕೈಗಳಿಂದ ಬೆನ್ನು. ಇನ್ನು ಇವಳು ವಾಪಸೇ ಎಂದುಕೊಂಡೆ. ಅವಳು ಕೈಚೀಲದಿಂದ ಹದಿನೈದು ದಿನದ ಆ ರಿಟರ್ನ್ ಟಿಕೆಟಿನ ಕಾಗದವನ್ನು ಹೊರತೆಗೆದಳು. ಅದನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಡಚಿ, ರವಕೆಯ ಹಿಂದೆ ತೂರಿಸಿ, ಬೆನ್ನು ಪರಪರ ಕೆರೆದುಕೊಳ್ಳುತ್ತ ನನ್ನ ಕಡೆ ತಿರುಗಿದಳು.

"ಡಾಕ್ಟ್ರಿಗೆ ಫೋನ್ ಮಾಡಿ ಹೇಳಬೇಕು," ಎಂದಳು. "ಈ ಸಲದ್ದು ಮಾತ್ರ ಖಂಡಿತ ಗಂಡನಿಂದಲೇ!"